ನಿವೇಶನಕ್ಕಿಂತ ಮೊದಲು ಹಾದಿ

ಒಮಾನಿನಲ್ಲಿ ಯಾರ ಹೆಸರಿಗೂ ದಾಖಲಾಗದ ಬೆಟ್ಟ, ಬಯಲು, ಮರಳುಗಾಡುಗಳೆಲ್ಲ ಸರ್ಕಾರದ ಸ್ವತ್ತು. 1980ರಲ್ಲಿ ರಾಜಾಜ್ಞೆಯ ಮೂಲಕ ಜಾರಿಗೆ ಬಂದ ಭೂ ಕಾಯಿದೆ ಈ ತತ್ವಕ್ಕೆ ಕಾನೂನಿನ ರೂಪ ಕೊಟ್ಟಿತು. ಖಾಸಗಿ ಒಡೆತನವೆಂಬುದು ಅಲ್ಲಿ ಹೆಚ್ಚಾಗಿ ಹಳೆಯ ಊರುಗಳ ಮನೆ-ತೋಟಗಳಿಗೆ ಮತ್ತು ಸರ್ಕಾರವೇ ಮಂಜೂರು ಮಾಡಿದ ನಿವೇಶನಗಳಿಗೆ ಸೀಮಿತ. ಇಂಥ ದೇಶದಲ್ಲಿ ಸಾರ್ವಜನಿಕರು ನಡೆದಾಡುವ ಕಾಲುಹಾದಿಗಳನ್ನೂ ಊರಿನ ಸುತ್ತಲ ಹಸಿರು ಪಟ್ಟಿಯನ್ನೂ ಉಳಿಸಿಕೊಳ್ಳುವುದು ಬಲು ಸುಲಭವೆಂದು ಯಾರಿಗಾದರೂ ತೋರಬಹುದು, ಏಕೆಂದರೆ ಹಾದಿಗೆ ಅಡ್ಡ ಬೇಲಿ ಹಾಕುವ ಜಮೀನುದಾರನೇ ಅಲ್ಲಿ ಹೆಚ್ಚಿನ ಕಡೆ ಇಲ್ಲ. ಆದರೂ ಮಸ್ಕತ್ತಿನಲ್ಲಿ ನೆಲೆಸಿ, ಚಳಿಗಾಲದ ರಜೆಯ ದಿನಗಳಲ್ಲಿ ಹಜರ್ ಬೆಟ್ಟಸಾಲನ್ನು ಹತ್ತಿಳಿಯುವ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆ ಇದಕ್ಕೆ ತದ್ವಿರುದ್ಧವಾಗಿದೆ: ಇಂದು ನಡೆದ ಹಾದಿ ಇನ್ನು ಹತ್ತು ವರ್ಷದ ಮೇಲೂ ಉಳಿದಿರುತ್ತದೆ ಎಂಬುದಕ್ಕೆ ಏನು ಆಧಾರ? ಈ ಪ್ರಶ್ನೆಗೆ ಉತ್ತರ ಇರುವುದು ಭೂಮಿಯ ಒಡೆತನದಲ್ಲಲ್ಲ, ಭೂಮಿಯನ್ನು ಹಂಚುವ ಕ್ರಮದಲ್ಲಿ.

ಈಸ್ಮೆಂಟ್ ಎಂದು ಕೋರ್ಟು ಕಚೇರಿಗಳಲ್ಲಿ ಕರೆಯುವ ಹಕ್ಕಿನ ಸ್ವರೂಪವನ್ನು ಮೊದಲು ನೋಡಬೇಕು. ಒಬ್ಬರ ಜಮೀನಿನ ಮೇಲೆ ಇನ್ನೊಬ್ಬರಿಗೆ ಇರುವ ಸೀಮಿತ ಬಳಕೆಯ ಹಕ್ಕು, ಅಂದರೆ ಹಾದುಹೋಗುವ, ನೀರು ಹಾಯಿಸಿಕೊಳ್ಳುವ ಅಥವಾ ಮಳೆನೀರು ಹೊರಬಿಡುವ ಹಕ್ಕು, ಈ ಹೆಸರಿನಲ್ಲಿ ಬರುತ್ತದೆ. ಭಾರತದಲ್ಲಿ ಇದಕ್ಕೆ 1882ರ ಕಾಯಿದೆಯಿದೆ. ಒಮಾನಿನಲ್ಲಿ 2013ರ ಸಿವಿಲ್ ವ್ಯವಹಾರಗಳ ಸಂಹಿತೆ ಇದನ್ನೇ ‘ಇರ್ತಿಫಾಕ್’ ಎಂಬ ಹೆಸರಿನಲ್ಲಿ ಗುರುತಿಸುತ್ತದೆ. ಎರಡೂ ಕಡೆ ಇದರ ಮೂಲ ಕಲ್ಪನೆ ಒಂದೇ: ಒಂದು ಜಮೀನು ಹೊರೆ ಹೊರುತ್ತದೆ, ಅದರ ಪ್ರಯೋಜನ ಮುಖ್ಯವಾಗಿ ಪಕ್ಕದ ಇನ್ನೊಂದು ಜಮೀನಿಗೆ ಸಿಗುತ್ತದೆ. ಹಿಂದಿನ ತೋಟದವನು ಮುಂದಿನ ತೋಟದ ಬದುವಿನ ಮೇಲೆ ಹಾದುಹೋಗುವುದಕ್ಕೆ ಈ ಹಕ್ಕು ಸಾಕಾಗುತ್ತದೆ. ಆದರೆ ಬೆಟ್ಟದ ಕಾಲುಹಾದಿಯಲ್ಲಿ ನಡೆಯುವವನಿಗೆ ಅಕ್ಕಪಕ್ಕದಲ್ಲೆಲ್ಲೂ ಜಮೀನಿಲ್ಲ. ಅವನು ಮಂಗಳೂರಿನಿಂದ ಬಂದ ಗುಮಾಸ್ತನಿರಬಹುದು, ನಿಜ್ವಾದ ವಿದ್ಯಾರ್ಥಿಯಿರಬಹುದು. ಇಂಥ ಎಲ್ಲರ ಹಕ್ಕನ್ನು ಜಮೀನು-ಜಮೀನಿನ ನಡುವಿನ ಕರಾರಿನಲ್ಲಿ ಹಿಡಿಸಲು ಬರುವುದಿಲ್ಲವಾದ್ದರಿಂದ, ಸಾರ್ವಜನಿಕ ಹಾದಿಯನ್ನು ಸಾರ್ವಜನಿಕ ಬಳಕೆಗೆ ಮೀಸಲಾದ ಸ್ವತ್ತೆಂದು ಯೋಜನಾ ನಕ್ಷೆಯಲ್ಲೇ ತೋರಿಸಬೇಕಾಗುತ್ತದೆ. ಹಾಗೆ ಮೀಸಲಾದ ಸ್ವತ್ತನ್ನು ಮಾರುವುದಕ್ಕಾಗಲಿ, ಜಪ್ತಿ ಮಾಡುವುದಕ್ಕಾಗಲಿ, ಬಹುಕಾಲ ಅನುಭವಿಸಿದ ನೆಪದಲ್ಲಿ ಸ್ವಂತ ಮಾಡಿಕೊಳ್ಳುವುದಕ್ಕಾಗಲಿ ಅವಕಾಶವಿಲ್ಲ. ಮೀಸಲಾಗದ ಸರ್ಕಾರಿ ಬಯಲಿನ ಪಾಡು ಬೇರೆ. ಅದು ಹಂಚಿಕೆಗೆ ಕಾದಿರುವ ದಾಸ್ತಾನು.

ಒಮಾನಿನ ಪ್ರವಾಸೋದ್ಯಮ ಇಲಾಖೆ ಬೆಟ್ಟಗಳ ಹಲವು ಹಳೆಯ ಹಾದಿಗಳಿಗೆ ಅಕ್ಷರ ಮತ್ತು ಅಂಕಿ ಸೇರಿಸಿ ಹೆಸರಿಟ್ಟು, ಬಂಡೆಗಳ ಮೇಲೆ ಹಳದಿ, ಬಿಳಿ, ಕೆಂಪು ಪಟ್ಟೆಗಳನ್ನು ಬಳಿದು ಗುರುತು ಮಾಡಿದೆ. ಮಸ್ಕತ್ತಿನ ರಿಯಾಮ್ ಉದ್ಯಾನದ ಹಿಂಬದಿಯಿಂದ ಏರಿ, ಪಾಳುಬಿದ್ದ ಪುಟ್ಟ ಹಳ್ಳಿಯೊಂದರ ಕಲ್ಲುಗೋಡೆಗಳ ಪಕ್ಕದಲ್ಲಿ ಹಾದು ಮತ್ರಾ ಪೇಟೆಗೆ ಇಳಿಯುವ ಸಿ-38 ಇಂಥದ್ದೊಂದು ಹಾದಿ. ಎರಡೂವರೆ ಕಿಲೋಮೀಟರಿನ ಆಸುಪಾಸಿನ ಈ ದಾರಿ ಕಡಲ ಅಂಚಿನ ರಸ್ತೆ ಆಗುವ ಮುಂಚೆ ಎರಡೂ ಕಡೆಯ ಜನರ ನಿತ್ಯದ ಓಡಾಟಕ್ಕೆ ಒದಗುತ್ತಿತ್ತು. ಜಬಲ್ ಶಮ್ಸ್ ಬೆಟ್ಟದಲ್ಲಿ ಅಲ್ ಖತೀಮ್ ಎಂಬ ಹಳ್ಳಿಯಿಂದ ಹೊರಟು, ಒಂದು ಕಡೆ ಗೋಡೆಯಂತೆ ನಿಂತ ಬಂಡೆ, ಇನ್ನೊಂದು ಕಡೆ ಬುಡ ಕಾಣದ ಕಮರಿ ಇರುವಂತೆ ಸಾಗಿ, ಜನ ಬಿಟ್ಟುಹೋದ ಅಸ್ ಸಾಬ್ ಎಂಬ ಊರಿನಲ್ಲಿ ಮುಗಿಯುವ ಡಬ್ಲ್ಯೂ-6 ಇನ್ನೊಂದು. ಕತ್ತೆಗಳ ಮೇಲೆ ಹೇರು ಸಾಗಿಸುತ್ತಿದ್ದ ಈ ದಾರಿಯ ತುದಿಯಲ್ಲಿ ಬಂಡೆಯ ಚಾಚಿನ ಅಡಿಗೆ ಅಂಟಿಕೊಂಡ ಮನೆಗಳೂ ಮೆಟ್ಟಿಲು ಗದ್ದೆಗಳೂ ಇಂದಿಗೂ ಕಾಣಸಿಗುತ್ತವೆ. ಆದರೆ ಬಂಡೆಗೆ ಬಳಿದ ಬಣ್ಣ ದಿಕ್ಕು ತೋರಿಸಬಲ್ಲದೇ ಹೊರತು ತಾನಾಗಿಯೇ ಹಕ್ಕನ್ನು ಹುಟ್ಟಿಸಲಾರದು. ಕರ್ನಾಟಕದ ರೈತರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಗ್ರಾಮ ನಕ್ಷೆಯಲ್ಲಿ ಚುಕ್ಕಿಗೆರೆಯಾಗಿ ಮೂಡಿದ ‘ನಕಾಶೆ ಕಂಡ ದಾರಿ’ಯನ್ನು ಯಾರಾದರೂ ಉತ್ತುಬಿಟ್ಟರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಬಿಡಿಸಿಕೊಳ್ಳಲು ಒಂದು ನೆಲೆಯಿರುತ್ತದೆ, ನಕ್ಷೆ ಕಾಣದ ರೂಢಿಯ ದಾರಿಗಾದರೆ ಸಾಕ್ಷಿ, ಪಂಚಾಯಿತಿ, ಕೊನೆಗೆ ಸಿವಿಲ್ ದಾವೆಯೇ ಗತಿ. ಹಳ್ಳ, ದಾರಿ, ಸ್ಮಶಾನಗಳಿಗೆ ಬಿಟ್ಟ ನೆಲವನ್ನು ಬಿ-ಖರಾಬೆಂದು ಪ್ರತ್ಯೇಕವಾಗಿ ಬರೆದಿಡುವ ಪದ್ಧತಿಯೂ ಇದೇ ಕಾರಣಕ್ಕೆ ಉಪಯುಕ್ತ. ಒಮಾನಿನ ಬೆಟ್ಟದ ಹಾದಿಗಳಿಗೆ ಆಗಬೇಕಾದದ್ದು ಇಂಥ ಬರವಣಿಗೆಯೇ.

ಅಪಾಯ ಬರುವ ದಿಕ್ಕು ಯಾವುದೆಂಬುದು ನಿವೇಶನ ಹಂಚಿಕೆಯ ಇತಿಹಾಸದಿಂದ ತಿಳಿಯುತ್ತದೆ. ಒಮಾನಿನ ಪ್ರಜೆಗಳು ಸರ್ಕಾರದಿಂದ ವಾಸದ ನಿವೇಶನ ಪಡೆಯಲು ಅರ್ಹರು. ಸಾಮಾನ್ಯವಾಗಿ 600 ಚದರ ಮೀಟರಿನ ಈ ನಿವೇಶನಗಳನ್ನು ದಶಕಗಳ ಕಾಲ ಲಾಟರಿ ಎತ್ತಿ ಹಂಚಲಾಗಿದ್ದು, 2008ರಲ್ಲಿ ಮಹಿಳೆಯರಿಗೂ ಪುರುಷರಷ್ಟೇ ಹಕ್ಕು ದೊರೆಯಿತು. ನ್ಯಾಯದ ದೃಷ್ಟಿಯಿಂದ ಇದು ಮೆಚ್ಚತಕ್ಕ ವ್ಯವಸ್ಥೆಯಾದರೂ ಭೂಮಿಯ ದೃಷ್ಟಿಯಿಂದ ದುಬಾರಿ. ಅರ್ಜಿಗಳ ಸಾಲು ಬೆಳೆದಂತೆಲ್ಲ ಬೆಟ್ಟದ ತಪ್ಪಲಿನ ಜಲ್ಲಿಬಯಲು ಚೌಕಚೌಕವಾಗಿ ಬಡಾವಣೆಯಾಗುತ್ತ ಹೋಯಿತು. ಮಸ್ಕತ್ ನಗರ ಕಡಲಿಗೂ ಬೆಟ್ಟಕ್ಕೂ ನಡುವಿನ ಇಕ್ಕಟ್ಟಾದ ಪಟ್ಟಿಯಲ್ಲಿ ಪಶ್ಚಿಮಕ್ಕೆ ಹತ್ತಾರು ಕಿಲೋಮೀಟರ್ ಚಾಚಿತು. ನಿವೇಶನ ಪಡೆದವರ ಕೈಗೆ ಬರುವ ಮುಖ್ಯ ಕಾಗದಗಳು ಎರಡು: ಒಡೆತನ ಹೇಳುವ ‘ಮುಲ್ಕಿಯಾ’ ಮತ್ತು ನಿವೇಶನದ ಅಳತೆಯ ನಕ್ಷೆಯಾದ ‘ಕ್ರೂಕಿ’. ಕ್ರೂಕಿಯ ಹಾಳೆಯಲ್ಲಿ ನಿವೇಶನದ ಸಂಖ್ಯೆ, ನಾಲ್ಕು ಬದಿಯ ಉದ್ದ, ಮೂಲೆಗಳ ನಿರ್ದೇಶಾಂಕ, ಮುಂದಿನ ರಸ್ತೆ, ಪಕ್ಕದ ನಿವೇಶನಗಳು ಕಾಣುತ್ತವೆ. ಕತ್ತೆಯ ಕಾಲಿನಿಂದ ಸವೆದ ಹಾದಿ ಬಡಾವಣೆಯ ಮೂಲ ನಕ್ಷೆಗೇ ಬರದಿದ್ದರೆ ಕ್ರೂಕಿಯಲ್ಲಿ ಬರುವುದು ಹೇಗೆ? ಮನೆ ಕಟ್ಟಿ ಕಾಂಪೌಂಡು ಎಬ್ಬಿಸಿದವನ ಮೇಲೆ ತಪ್ಪು ಹೊರಿಸುವಂತಿಲ್ಲ. ಅವನು ಕೈಯಲ್ಲಿರುವ ಕಾಗದದ ಪ್ರಕಾರವೇ ನಡೆದಿರುತ್ತಾನೆ. ಒಮ್ಮೆ ಹಂಚಿದ ಮೇಲೆ ಹಾದಿಯನ್ನು ಮರಳಿ ಪಡೆಯಬೇಕಾದರೆ ಸಾರ್ವಜನಿಕ ಹಿತಕ್ಕಾಗಿ ಭೂಸ್ವಾಧೀನ ಮಾಡಿಕೊಂಡು ಪರಿಹಾರ ಕೊಡಬೇಕು, ಮತ್ತು ಮೂರಡಿ ಅಗಲದ ಕಾಲುಹಾದಿಗಾಗಿ ಯಾವ ಖಜಾನೆಯೂ ಅಷ್ಟು ತ್ರಾಸ ತೆಗೆದುಕೊಳ್ಳುವುದಿಲ್ಲ. ಹಂಚಿಕೆಗೆ ಮುಂಚೆ ಬಿಟ್ಟರೆ ಗೆರೆಯೊಂದರ ಖರ್ಚು, ಹಂಚಿದ ಮೇಲಾದರೆ ಮೊಕದ್ದಮೆಯ ಖರ್ಚು.

ಇಂಥ ಗೆರೆಗಳ ಅಭ್ಯಾಸ ಒಮಾನಿಗೆ ಹೊಸತೇನಲ್ಲ ಎಂಬುದು ಈ ವಿಷಯದ ಅತ್ಯಂತ ಸ್ವಾರಸ್ಯಕರ ಭಾಗ. ಬೆಟ್ಟದ ಬುಡದ ಅಂತರ್ಜಲವನ್ನೋ ಊಟೆಯ ನೀರನ್ನೋ ಇಳಿಜಾರಿನ ಕಾಲುವೆಯ ಮೂಲಕ ಊರಿಗೆ ತರುವ ‘ಫಲಜ್’ ಎಂಬ ವ್ಯವಸ್ಥೆ ಅಲ್ಲಿನ ಕೃಷಿಯ ಜೀವನಾಡಿ. ಸುಮಾರು 3,000 ಫಲಜ್‌ಗಳು ಇಂದಿಗೂ ಹರಿಯುತ್ತಿದ್ದು, ಅವುಗಳಲ್ಲಿ ಐದನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಸ್ಲಾಮೀ ನ್ಯಾಯಶಾಸ್ತ್ರದ ‘ಹರೀಮ್’ ಎಂಬ ಕಲ್ಪನೆಯ ಪ್ರಕಾರ ಬಾವಿ, ಕಾಲುವೆ, ಊರು ಇವುಗಳಿಗೆ ಸುತ್ತಲೂ ಒಂದು ರಕ್ಷಿತ ಅಂಚು ಇರುತ್ತದೆ. ಅದು ಯಾರದೇ ಸ್ವಂತ ನೆಲವಲ್ಲದಿದ್ದರೂ ಆ ಅಂಚಿನೊಳಗೆ ಇನ್ನೊಬ್ಬರು ಅಗೆಯುವಂತಿಲ್ಲ, ಕಟ್ಟುವಂತಿಲ್ಲ. ಇಂದಿನ ಜಲನಿಯಮಗಳು ಫಲಜಿನ ಮೂಲಬಾವಿಯಿಂದ ಮೂರೂವರೆ ಕಿಲೋಮೀಟರಿನೊಳಗೆ ಹೊಸ ಬಾವಿ ತೋಡದಂತೆ ತಡೆಯುವುದು ಇದೇ ಕಲ್ಪನೆಯ ಸರ್ಕಾರಿ ರೂಪ. ದಾರಿಯ ಅಗಲದ ಬಗ್ಗೆ ಜಗಳವಾದರೆ ಏಳು ಮೊಳ ಬಿಡಬೇಕೆಂಬ ಹದೀಸಿನ ಅಳತೆಯೂ, ಹೇರು ಹೊತ್ತ ಎರಡು ಒಂಟೆಗಳು ಎದುರುಬದುರಾಗಿ ದಾಟುವಷ್ಟು ಜಾಗವೆಂಬ ಅದರ ವ್ಯಾಖ್ಯಾನವೂ ಮುಸ್ಲಿಂ ನಗರಗಳ ಇತಿಹಾಸ ಬರೆದವರಿಗೆಲ್ಲ ಪರಿಚಿತ.

ಫಲಜಿನ ನೀರು ನೆಲದಿಂದ ಮೊದಲು ಹೊರಗೆ ಕಾಣುವ ಜಾಗವನ್ನು ‘ಶರೀಆ’ ಎನ್ನುತ್ತಾರೆ. ಅಲ್ಲಿ ಕುಡಿಯುವ ನೀರನ್ನು ಯಾರು ಬೇಕಾದರೂ ತುಂಬಿಕೊಳ್ಳಬಹುದು. ಅದರ ಕೆಳಗೆ ಮಸೀದಿಯ ಬಳಕೆ ಮತ್ತು ಸ್ನಾನದ ಕಟ್ಟೆಗಳು, ಆಮೇಲಷ್ಟೇ ಪಾಲುದಾರರ ತೋಟಗಳು. ತೋಟದ ನೀರು ಖಾಸಗಿ ಪಾಲು, ಅರ್ಧ ಗಂಟೆಗೆ ಸಮನಾದ ‘ಅಥರ್’ ಎಂಬ ಮಾನದಲ್ಲಿ ಹಂಚಿಕೆಯಾಗುವಂಥದ್ದು. ಆದರೆ ನೀರಿನ ಬಾಯಿಗೆ ಹೋಗುವ ದಾರಿ ಮಾತ್ರ ಎಲ್ಲರದು. ಅಲ್ ಹಮ್ರಾ ಸಮೀಪದ ಮಿಸ್ಫತ್ ಅಲ್ ಅಬ್ರಿಯೀನ್ ಎಂಬ ಬೆಟ್ಟದೂರಿನಲ್ಲಿ ಈ ಏರ್ಪಾಡು ಕಣ್ಣಿಗೆ ಕಟ್ಟುವಂತಿದೆ. ಗಾರೆ ಹಚ್ಚಿದ ಕಾಲುವೆಯ ದಂಡೆಯೇ ಅಲ್ಲಿ ಕಾಲುಹಾದಿ. ಕೆಲವೆಡೆ ಒಂದು ಪಾದ ಊರುವಷ್ಟೇ ಅಗಲ. ಎಡಗಡೆ ಮೊಣಕಾಲೆತ್ತರದ ಕಲ್ಲುಕಟ್ಟು, ಬಲಗಡೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಖರ್ಜೂರ, ಬಾಳೆ, ನಿಂಬೆಯ ತೋಟಗಳು. ಅಲ್ಲಲ್ಲಿ ತೋಟಕ್ಕೆ ನೀರು ತಿರುಗಿಸುವ ತೂಬಿಗೆ ಚಪ್ಪಟೆ ಕಲ್ಲೊಂದನ್ನು ಇಟ್ಟು, ಸಂದಿಗೆ ಹಳೆಯ ಬಟ್ಟೆ ತುರುಕಿರುತ್ತಾರೆ. ಎದುರಿಗೆ ಯಾರಾದರೂ ಬಂದರೆ ಒಬ್ಬರು ತೋಟದ ಬದುವಿಗೆ ಇಳಿದು ನಿಲ್ಲಬೇಕು. 2021ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಘಟನೆ ಈ ಊರನ್ನು ಉತ್ತಮ ಪ್ರವಾಸಿ ಹಳ್ಳಿಗಳ ಮೊದಲ ಪಟ್ಟಿಗೆ ಸೇರಿಸಿದ ಮೇಲೆ ಬರುವವರ ಸಂಖ್ಯೆ ಏರಿದೆ. ಮೈಮುಚ್ಚುವ ಉಡುಪು ಧರಿಸಿ, ಗದ್ದಲ ಮಾಡದೆ ಓಡಾಡಿ ಎಂಬ ಕೋರಿಕೆಯ ಫಲಕಗಳೂ ಇವೆ. ಎಲ್ಲರಿಗೂ ತೆರೆದಿರುವ ಹಾದಿ ಖಾಸಗಿ ತೋಟದ ನಡುವೆ ಸಾಗುವುದಕ್ಕೆ ಮರ್ಯಾದೆಯ ಷರತ್ತು ಇರಲೇಬೇಕೆಂಬುದು ಬ್ರಿಟನ್ನಿನ ಹೊಲಗಳಲ್ಲಿ ಎಷ್ಟು ನಿಜವೋ ಇಲ್ಲಿಯೂ ಅಷ್ಟೇ ನಿಜ, ಮತ್ತು ಷರತ್ತನ್ನು ಊರವರೇ ವಿಧಿಸಿದಾಗ ಅದು ಹೆಚ್ಚು ನಡೆಯುತ್ತದೆ.

ಹಸಿರು ಪಟ್ಟಿಯ ವಿಚಾರಕ್ಕೆ ಬಂದರೆ ಲಂಡನ್ನಿನ ಮಾದರಿ ಒಮಾನಿಗೆ ಹೊಂದುವುದಿಲ್ಲ. 1938ರ ಕಾಯಿದೆಯಿಂದ ಮೊದಲಾಗಿ 1955ರ ಸುತ್ತೋಲೆಯೊಂದಿಗೆ ಇಂಗ್ಲೆಂಡಿನಾದ್ಯಂತ ಹರಡಿದ ಆ ಮಾದರಿಯಲ್ಲಿ ನಗರದ ಸುತ್ತ ಹೊಲ-ಕಾಡುಗಳ ಉಂಗುರವನ್ನು ಕಾದಿರಿಸಿ, ನಗರ ಅದನ್ನು ದಾಟದಂತೆ ತಡೆಯಲಾಗುತ್ತದೆ. ಬೆಂಗಳೂರು ಈ ಉಂಗುರವನ್ನೇ ನಕಲು ಮಾಡಿ 1984ರ ಸಮಗ್ರ ಅಭಿವೃದ್ಧಿ ಯೋಜನೆಯಲ್ಲಿ ಬರೆದುಕೊಂಡಿತು. ಮುಂದಿನ ಯೋಜನೆಗಳಲ್ಲಿ ಅದು ಸವೆದ ಬಗೆ ಕನ್ನಡಿಗರಿಗೆ ಹೇಳಬೇಕಾದದ್ದಿಲ್ಲ. ಮಸ್ಕತ್ತಿಗಾದರೆ ಸುತ್ತಲೂ ಇರುವುದು ಬೋಳು ಬಂಡೆ, ಉಳಿದದ್ದು ಕಡಲು. ಅಲ್ಲಿ ಹಸಿರು ಇರುವುದು ನೀರು ಹರಿಯುವ ಕಡೆ ಮಾತ್ರ, ಅಂದರೆ ಮಳೆ ಬಿದ್ದಾಗ ಉಕ್ಕಿ ಹರಿದು ಉಳಿದ ಕಾಲವೆಲ್ಲ ಒಣಗಿರುವ ‘ವಾದಿ’ ಎಂಬ ಕಣಿವೆ-ಹಳ್ಳಗಳ ಪಾತ್ರದಲ್ಲಿ. ಬೆಟ್ಟದಿಂದ ಕಡಲಿಗೆ ಇಳಿಯುವ ಈ ವಾದಿಗಳು ಬಾಚಣಿಗೆಯ ಹಲ್ಲುಗಳಂತೆ ಕರಾವಳಿಯ ಬಯಲನ್ನು ಅಡ್ಡಡ್ಡ ಸೀಳಿವೆ. ಆದ್ದರಿಂದ ಒಮಾನಿನ ಹಸಿರು ಪಟ್ಟಿ ಉಂಗುರವಾಗಿರಲಾರದು, ಬೆಟ್ಟಕ್ಕೂ ಕಡಲಿಗೂ ನಡುವೆ ಎಳೆದ ಹಲವು ಸಮಾನಾಂತರ ಪಟ್ಟಿಗಳಾಗಿರಬೇಕು; ಬೆಟ್ಟದ ಹಾದಿಗಳು ನಗರಕ್ಕೆ ಇಳಿದುಬರಲು ಸಹಜವಾದ ಓಣಿಯೂ ಇದೇ.

ಈ ಪಟ್ಟಿಗಳನ್ನು ಖಾಲಿ ಬಿಡದಿದ್ದರೆ ಏನಾಗುತ್ತದೆಂಬುದನ್ನು ಚಂಡಮಾರುತಗಳು ತೋರಿಸಿಕೊಟ್ಟಿವೆ. 2007ರ ಜೂನ್‌ನಲ್ಲಿ ಗೋನು ಬಂದಾಗ ಮಸ್ಕತ್ತಿನ ವಾದಿ ಅದೈ ತನ್ನ ಹಳೆಯ ಪಾತ್ರವನ್ನು ಹುಡುಕಿಕೊಂಡು ಬಡಾವಣೆಗಳಿಗೆ ನುಗ್ಗಿತು. 2021ರ ಅಕ್ಟೋಬರ್‌ನಲ್ಲಿ ಶಾಹೀನ್ ಚಂಡಮಾರುತ ಅಲ್ ಬಾತಿನಾ ಕರಾವಳಿಗೆ ಅಪ್ಪಳಿಸಿ, ವರ್ಷಕ್ಕೆ ನೂರು ಮಿಲಿಮೀಟರ್ ಮಳೆ ಕಾಣುವುದೇ ಹೆಚ್ಚಾದ ಸೀಮೆಯ ಅಲ್ ಖಾಬೂರಾದಲ್ಲಿ ಒಂದೇ ದಿನ 300 ಮಿಲಿಮೀಟರಿಗೂ ಮಿಕ್ಕಿ ಸುರಿಸಿತು. ಬೆಂಗಳೂರಿನ ರಾಜಕಾಲುವೆಗಳ ಪಾಡನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಬರಿಯ ಸೌಂದರ್ಯದ ಹೆಸರಿನಲ್ಲಿ ಹಸಿರು ಪಟ್ಟಿ ಕೇಳುವವರ ಮಾತು ಯೋಜನಾ ಕಚೇರಿಗಳಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಪ್ರವಾಹದ ಅಂಚನ್ನೇ ಹಸಿರು ಪಟ್ಟಿಯ ಅಂಚೆಂದು ಗುರುತಿಸಿದರೆ ಅದನ್ನು ಅಳಿಸುವ ಧೈರ್ಯ ಅಷ್ಟು ಸುಲಭವಾಗಿ ಯಾರಿಗೂ ಬಾರದು. ನೆಡುವುದಕ್ಕೆ ಮರಗಳನ್ನೂ ದೂರದಿಂದ ತರಬೇಕಿಲ್ಲ. ಕನ್ನಡ ನಾಡಿನಲ್ಲಿ ವಿಜಯದಶಮಿಯಂದು ಪೂಜೆಗೊಳ್ಳುವ ಶಮಿಯೇ ಒಮಾನಿನ ‘ಗಾಫ್’ ಮರ. ಆಳಕ್ಕೆ ಬೇರಿಳಿಸಿ ಬದುಕುವ ಅದಕ್ಕೂ ಬೋರೆಯ ಜಾತಿಯ ‘ಸಿದ್ರ್’ ಮರಕ್ಕೂ ವಾದಿಯ ದಂಡೆಯೇ ತವರು, ಹುಲ್ಲುಹಾಸಿಗೆ ಬೇಕಾದಷ್ಟು ನೀರು ಅವುಗಳಿಗೆ ಬೇಡ.

ಗೆರೆ ಎಳೆದ ಮಾತ್ರಕ್ಕೆ ನೆಲ ಉಳಿಯುತ್ತದೆಂದು ನಂಬುವವರು ಜಿದ್ದತ್ ಅಲ್ ಹರಾಸೀಸ್ ಬಯಲಿನ ಕತೆಯನ್ನು ಗಮನಿಸಬೇಕು. ಕಾಡಿನಲ್ಲಿ 1972ರ ಹೊತ್ತಿಗೆ ನಿರ್ನಾಮವಾಗಿದ್ದ ಅರೇಬಿಯದ ಓರಿಕ್ಸ್ ಜಿಂಕೆಯನ್ನು 1982ರಲ್ಲಿ ಅಲ್ಲಿ ಮರಳಿ ಬಿಡಲಾಯಿತು. 1994ರಲ್ಲಿ ಆ ಬಯಲಿನ ಓರಿಕ್ಸ್ ಅಭಯಾರಣ್ಯ ವಿಶ್ವ ಪರಂಪರೆಯ ತಾಣವಾಯಿತು. ಕಳ್ಳಬೇಟೆಯಿಂದ 450ರಷ್ಟಿದ್ದ ಜಿಂಕೆಗಳು 65ಕ್ಕೆ ಇಳಿದವು; ತೈಲ ಹುಡುಕಾಟಕ್ಕೆ ದಾರಿಯಾಗುವಂತೆ ಸರ್ಕಾರ ಅಭಯಾರಣ್ಯದ ವಿಸ್ತಾರವನ್ನು ಶೇಕಡಾ 90ರಷ್ಟು ಕಡಿತಗೊಳಿಸಿತು. 2007ರಲ್ಲಿ ಯುನೆಸ್ಕೊ ಅದನ್ನು ಪಟ್ಟಿಯಿಂದಲೇ ತೆಗೆದುಹಾಕಿತು. ಹೀಗೆ ಪಟ್ಟಿಯಿಂದ ಹೊರಬಿದ್ದ ಜಗತ್ತಿನ ಮೊದಲ ತಾಣ ಅದು. ಇದಕ್ಕೆ ಎದುರಾಗಿ, 1975ರಲ್ಲೇ ರಾಜಾಜ್ಞೆಯಿಂದ ಮೀಸಲಾದ ಮಸ್ಕತ್ತಿನ ಕುರುಮ್ ಕಾಂಡ್ಲಾ ಕಾಡು ಸುತ್ತಲೂ ನಗರದ ಅತಿ ದುಬಾರಿ ನೆಲವಿದ್ದರೂ ಉಳಿದುಕೊಂಡಿದೆ, 2013ರಲ್ಲಿ ರಾಮ್‌ಸರ್ ಜೌಗುಭೂಮಿಯೂ ಆಯಿತು. ಎರಡಕ್ಕೂ ರಾಜಾಜ್ಞೆಯ ಬಲವಿತ್ತು. ವ್ಯತ್ಯಾಸವಿದ್ದದ್ದು ಸುತ್ತಲಿನ ಜನರಲ್ಲಿ: ಕುರುಮ್ ಕಾಡಿನ ಅಂಚಿನಲ್ಲಿ ದಿನಬೆಳಗಾದರೆ ಜನ ನಡೆಯುತ್ತಾರೆ, ಒಂದು ಮರ ಕಡಿದರೂ ನೋಡುವ ಕಣ್ಣುಗಳಿವೆ, ಮರುಭೂಮಿಯ ನಡುವಿನ ಗೆರೆಗೆ ಕಾವಲುಗಾರರ ಹೊರತು ಸಾಕ್ಷಿಗಳಿರಲಿಲ್ಲ. ತೈಲದ ಆಮಿಷವೂ ಅಲ್ಲಿತ್ತೆಂಬುದನ್ನು ಮರೆಯಬಾರದಾದರೂ, ಹಾದಿಯಿರುವ ಹಸಿರು ಹಾದಿಯಿಲ್ಲದ ಹಸಿರಿಗಿಂತ ಗಟ್ಟಿ ಎಂಬ ವಾದಕ್ಕೆ ಈ ಜೋಡಿ ಒಳ್ಳೆಯ ಆಧಾರ.

ಕಾಲವೇನೋ ಅನುಕೂಲವಾಗಿದೆ. 2020ರ ಆಡಳಿತ ಪುನರ್ರಚನೆಯಲ್ಲಿ ವಸತಿ ಮತ್ತು ನಗರ ಯೋಜನೆ ಒಂದೇ ಸಚಿವಾಲಯದ ಅಡಿಗೆ ಬಂದವು. 2040ರವರೆಗಿನ ರಾಷ್ಟ್ರೀಯ ನಗರಾಭಿವೃದ್ಧಿ ಕಾರ್ಯನೀತಿ ಬಿಡಿ ನಿವೇಶನಗಳ ಹರವಿಗಿಂತ ಅಡಕವಾದ ವಸತಿಗಳಿಗೆ ಒತ್ತು ಕೊಟ್ಟಿದೆ. ಸೀಬ್ ಪ್ರದೇಶದಲ್ಲಿ 2023ರಲ್ಲಿ ಆರಂಭವಾದ ಸುಲ್ತಾನ್ ಹೈತಮ್ ನಗರವು 14.8 ಚದರ ಕಿಲೋಮೀಟರಿನಲ್ಲಿ ಒಂದು ಲಕ್ಷ ಜನರಿಗಾಗಿ ರೂಪುಗೊಂಡಿದ್ದು, ನಡುವೆ ಹಾಯುವ ವಾದಿಯನ್ನು ಮುಚ್ಚದೆ ಅದನ್ನೇ ನಗರದ ಉದ್ಯಾನವಾಗಿ ಬಿಟ್ಟಿರುವುದು ನಕ್ಷೆಯ ಮುಖ್ಯ ಲಕ್ಷಣ. ನಿವೇಶನಕ್ಕಿಂತ ಮೊದಲು ನೀರಿನ ದಾರಿಯನ್ನೂ ನಡೆಯುವ ದಾರಿಯನ್ನೂ ಗುರುತಿಸಿದ ದೊಡ್ಡ ಉದಾಹರಣೆಯಿದು. ಆದರೆ ಹೊಸ ನಗರದ ಖಾಲಿ ಹಾಳೆಯ ಮೇಲೆ ಇದು ಸಲೀಸು. ಅಲ್ ಅಮೆರಾತ್, ಬರ್ಕಾದಂಥ ಕಡೆ ಈಗಾಗಲೇ ಹಂಚಿಹೋದ ಚೌಕಗಳ ನಡುವೆ ಉಳಿದ ಸಂದುಗಳನ್ನು ಪೋಣಿಸುವ ಕೆಲಸಕ್ಕೆ ಪ್ರಚಾರವೂ ಇಲ್ಲ, ಪ್ರಶಸ್ತಿಯೂ ಇಲ್ಲ.

ಆ ಬೇಸರದ ಕೆಲಸ ಸ್ಥಳೀಯರದ್ದೇ. 2012ರಿಂದ ಒಮಾನಿನಲ್ಲಿ ಚುನಾಯಿತ ಪುರಸಭಾ ಮಂಡಳಿಗಳಿವೆ. ಅವುಗಳ ಅಧಿಕಾರ ಬಹುಮಟ್ಟಿಗೆ ಸಲಹೆ ನೀಡುವುದಕ್ಕೆ ಸೀಮಿತವಾದರೂ ಯಾವ ಹಾದಿಯನ್ನು ಯಾರು ಬಳಸುತ್ತಿದ್ದರು, ಯಾವ ಹಳ್ಳ ಎಲ್ಲಿಯವರೆಗೆ ಉಕ್ಕುತ್ತಿತ್ತು ಎಂಬುದು ಮಸ್ಕತ್ತಿನ ಕಚೇರಿಗಿಂತ ಚೆನ್ನಾಗಿ ಗೊತ್ತಿರುವುದು ಅವುಗಳ ಸದಸ್ಯರಿಗೆ. ಜನಸಂಖ್ಯೆಯಲ್ಲಿ ಐದರಲ್ಲಿ ಎರಡು ಪಾಲಿನಷ್ಟಿರುವ ವಲಸಿಗರಿಗೆ, ಅವರಲ್ಲಿ ಸೇರಿದ ಕನ್ನಡಿಗರಿಗೆ, ಈ ಚುನಾವಣೆಯಲ್ಲಿ ಮತವಿಲ್ಲ. ಗೊತ್ತುಪಡಿಸಿದ ಪ್ರವಾಸಿ ಸಂಕೀರ್ಣಗಳಂಥ ಕೆಲವೆಡೆ ಬಿಟ್ಟರೆ ನೆಲ ಕೊಳ್ಳುವ ಹಕ್ಕೂ ಇಲ್ಲ. ಆದರೂ ಹಾದಿಗಳ ಅತಿ ನಿಷ್ಠಾವಂತ ಬಳಕೆದಾರರಲ್ಲಿ ಅವರು ಸೇರಿದ್ದಾರೆ, ಅವರ ಕೈಯ ಫೋನುಗಳಲ್ಲಿ ನಡೆದ ಹಾದಿಗಳ ಜಾಡು ದಾಖಲಾಗಿರುತ್ತದೆ. ಆ ಜಾಡುಗಳನ್ನು ಒಟ್ಟುಮಾಡಿ ಪುರಸಭೆಗೆ ಒಪ್ಪಿಸುವುದಕ್ಕೆ ಮತದಾನದ ಹಕ್ಕು ಬೇಕಾಗಿಲ್ಲ.

ಬೆಟ್ಟದ ಮೇಲಿನ ನೆಲದ ವಿಷಯದಲ್ಲಿ ಇನ್ನೊಂದು ಸಾಧನವಿದೆ. ಹೋಟೆಲು, ವಿಹಾರಧಾಮಗಳಿಗೆ ಒಮಾನಿನ ಸರ್ಕಾರ ನೆಲವನ್ನು ಮಾರದೆ 1981ರ ರಾಜಾಜ್ಞೆಯಡಿ ಉಪಭೋಗಕ್ಕೆ, ಅಂದರೆ ಒಡೆತನ ಬಿಟ್ಟುಕೊಡದೆ ಇಂತಿಷ್ಟು ವರ್ಷ ಬಳಸಿಕೊಳ್ಳಲು ಕೊಡುವ ಪದ್ಧತಿಯಿದೆ. ಒಡೆಯ ಸರ್ಕಾರವೇ ಆಗಿರುವುದರಿಂದ ಕಮರಿಯ ಅಂಚಿನ ಹಾದಿಯನ್ನು ಇಂತಿಷ್ಟು ಅಗಲದಲ್ಲಿ ಎಲ್ಲರಿಗೂ ತೆರೆದಿಡಬೇಕೆಂಬ ಷರತ್ತನ್ನು ಆ ಕರಾರಿನಲ್ಲೇ ಬರೆಸಬಹುದು, ಪರಿಹಾರದ ಮಾತೇ ಏಳುವುದಿಲ್ಲ. ಜಬಲ್ ಅಖ್ದರ್ ಬೆಟ್ಟದಲ್ಲಿ 2011ರಿಂದ ನಿಸರ್ಗದೃಶ್ಯಗಳ ಮೀಸಲು ಪ್ರದೇಶವೊಂದಿದೆ. ಅದೇ ಬೆಟ್ಟದ ಮೇಲೆ ಅಲ್ ಜಬಲ್ ಅಲ್ ಆಲಿ ಎಂಬ ಹೊಸ ವಸತಿ-ವಿಹಾರ ನಗರಿಯ ಯೋಜನೆಯನ್ನು 2024ರಲ್ಲಿ ಪ್ರಕಟಿಸಲಾಗಿದೆ. ಅಲ್ಲಿನ ದಾಳಿಂಬೆ ಮತ್ತು ಗುಲಾಬಿಯ ಮೆಟ್ಟಿಲು ತೋಟಗಳನ್ನು ಒಂದಕ್ಕೊಂದು ಕೂಡಿಸುವ ಹಳೆಯ ಕತ್ತೆದಾರಿಗಳು ಹೊಸ ನಗರಿಯ ಬಡಾವಣೆ ನಕ್ಷೆಯಲ್ಲಿ ಗೆರೆಯಾಗಿ ಬರುವುದಾದರೆ, ಅದು ಮೊದಲ ಕರಾರಿಗೆ ಸಹಿ ಬೀಳುವ ಮುಂಚೆಯೇ ಆಗಬೇಕು.